ಮಾಡಿದ್ದು ಕಂಡಿತು, ಮನಸ್ಸು ಕಂಡಿತೇ?

ನಮ್ಮ ಕಡೆಯ ಮದುವೆ ಮನೆಗಳಲ್ಲಿ ಮುಯ್ಯಿ ಬರೆದುಕೊಳ್ಳುವ ಪುಸ್ತಕವೊಂದು ಇರುತ್ತದೆ. ಅಕ್ಷತೆ ಮುಗಿದೊಡನೆ ಲೆಕ್ಕ ಬಲ್ಲ ಬಂಧುವೊಬ್ಬರು ಚಾಪೆಯ ಮೇಲೆ ಕುಳಿತು, ಯಾರು ಎಷ್ಟು ಕೊಟ್ಟರೆಂಬುದನ್ನು ಹೆಸರು, ಊರು ಸಹಿತವಾಗಿ ಬರೆದುಕೊಳ್ಳುತ್ತಾರೆ. ಅನೇಕ ವರ್ಷಗಳ ಹಿಂದೆ ನಮ್ಮ ಅಕ್ಕನ ಮದುವೆಯಲ್ಲಿ, ತಂದೆಯವರ ಸೋದರತ್ತೆಯ ಮಗ, ನಾವೆಲ್ಲ ಮಾವನವರೆಂದು ಗೌರವಿಸುತ್ತಿದ್ದ ಹಿರಿಯರು, ಆ ಪುಸ್ತಕದಲ್ಲಿ 11 ರೂಪಾಯಿ ಬರೆಸಿದರು. ಅವರಿಗೆ ಜಮೀನಿತ್ತು, ಅಕ್ಕಿ ಗಿರಣಿಯಿತ್ತು. ಅವರಿಗಿಂತ ಎಷ್ಟೋ ಬಡವರಾದವರು 101 ರೂಪಾಯಿ ಬರೆಸಿದ್ದರು. ರಾತ್ರಿ ಪುಸ್ತಕ ಓದಿಸಿ ಕೇಳಿದ ನಮ್ಮ ತಾಯಿಯವರು, "ನಮ್ಮ ಬೆಲೆಯನ್ನು ಹನ್ನೊಂದು ರೂಪಾಯಿ ಎಂದು ಕಟ್ಟಿದರು" ಎಂದು ಕಣ್ಣೀರು ತೆಗೆದರು. ಅಂದಿನಿಂದ ಎರಡು ಮನೆಗಳ ನಡುವೆ ಹೋಗಿಬರುವುದು ನಿಂತಿತು. 12 ವರ್ಷ ನಿಂತಿತು.

ಆ ಪುಸ್ತಕದ ಮಾತಿಗೆ ಕೊನೆಯಲ್ಲಿ ಮರಳಿ ಬರೋಣ. ಇಷ್ಟಂತೂ ನಿಜ: ನಾವು ಕಂಡದ್ದು ಒಂದು ಕ್ರಿಯೆಯನ್ನು ಮಾತ್ರ. ಅದರ ಹಿಂದಿನ ಮನಸ್ಸನ್ನು ನಾವು ಕಂಡಿರಲಿಲ್ಲ, ಕಟ್ಟಿಕೊಂಡಿದ್ದೆವು. ಮನುಷ್ಯನ ನಡವಳಿಕೆಯನ್ನು ಅರಿಯುವುದೆಂದರೆ ಏನು, ಅರಿತೆವೆಂದು ಹೇಳುವ ಅಧಿಕಾರ ನಮಗೆ ಯಾವಾಗ ಬರುತ್ತದೆ ಎಂಬ ಪ್ರಶ್ನೆಯನ್ನು ತನ್ನ ಜೀವಮಾನದ ಕೆಲಸವನ್ನಾಗಿ ಮಾಡಿಕೊಂಡ ವಿದ್ವಾಂಸರೊಬ್ಬರಿದ್ದರು. ಅವರೇ ಜರ್ಮನಿಯ ಮ್ಯಾಕ್ಸ್ ವೆಬರ್. ಸಮಾಜಶಾಸ್ತ್ರದ ಮೂಲಪುರುಷರಲ್ಲಿ ಒಬ್ಬರೆಂದು ಕಾಲೇಜುಗಳಲ್ಲಿ ನಮ್ಮ ಮಕ್ಕಳು ಇವರ ಹೆಸರನ್ನು ಓದುತ್ತಾರೆ. ಅವರ ವಿಚಾರ ಪರೀಕ್ಷೆಯ ಉತ್ತರಪತ್ರಿಕೆಯಲ್ಲಿಯೇ ಉಳಿಯದೆ ಮನೆಯ ಜಗಲಿಗೂ ಬರಬೇಕೆಂಬುದು ಈ ಲೇಖನದ ಆಶಯ.

ವೆಬರ್ ಹುಟ್ಟಿದ್ದು 1864ರ ಏಪ್ರಿಲ್ 21ರಂದು, ಎರ್ಫರ್ಟ್ ನಗರದಲ್ಲಿ. ತಂದೆ ಕಾನೂನು ಬಲ್ಲವರು, ರಾಜಕಾರಣಿ, ಸುಖಜೀವಿ. ತಾಯಿ ಹೆಲೆನೆ ಪ್ರೊಟೆಸ್ಟಂಟ್ ಶ್ರದ್ಧೆಯ ಕಟ್ಟುನಿಟ್ಟಿನ ಸಾಧ್ವಿ. ಒಂದೇ ಮನೆಯಲ್ಲಿ ಎರಡು ಬಗೆಯ ಬದುಕಿನ ಅರ್ಥವನ್ನು ಕಾಣುತ್ತ ಬೆಳೆದ ಹುಡುಗ, ಕಾನೂನನ್ನು ಓದಿ, 1894ರಲ್ಲಿ ಫ್ರೈಬುರ್ಗ್ ಮತ್ತು 1896ರಲ್ಲಿ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯಗಳಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾದರು. 1920ರ ಜೂನ್ 14ರಂದು ಮ್ಯೂನಿಕ್ ನಗರದಲ್ಲಿ ನ್ಯುಮೋನಿಯಾದಿಂದ ತೀರಿಕೊಂಡಾಗ ಅವರ ವಯಸ್ಸು 56. ಅವರ ಮಹಾಕೃತಿ 'ಆರ್ಥಿಕತೆ ಮತ್ತು ಸಮಾಜ' ಬೆಳಕು ಕಂಡದ್ದು 1921-22ರಲ್ಲಿ, ಪತ್ನಿ ಮೇರಿಯಾನೆ ವೆಬರ್ ಅವರ ಪರಿಶ್ರಮದಿಂದ.

ಆ ಗ್ರಂಥದ ಮೊದಲ ಅಧ್ಯಾಯದಲ್ಲಿಯೇ ವೆಬರ್ ತಮ್ಮ ಶಾಸ್ತ್ರದ ಎಲ್ಲೆಯನ್ನು ಹಾಕಿಕೊಳ್ಳುತ್ತಾರೆ. ದೇಹದ ಪ್ರತಿಯೊಂದು ಚಲನೆಯೂ ಕ್ರಿಯೆಯಲ್ಲ. ಮಾಡುವವನು ತನ್ನ ನಡವಳಿಕೆಗೆ ಒಂದು ಅರ್ಥವನ್ನು ಕೊಟ್ಟಿದ್ದರೆ ಅದು ಕ್ರಿಯೆ. ಆ ಅರ್ಥದಲ್ಲಿ ಇತರರ ಗಮನವೂ ಸೇರಿ, ಅದಕ್ಕೆ ಅನುಗುಣವಾಗಿ ಅವನು ನಡೆದುಕೊಂಡರೆ ಅದು ಸಾಮಾಜಿಕ ಕ್ರಿಯೆ. ಇದಕ್ಕೆ ಅವರು ಕೊಡುವ ದೃಷ್ಟಾಂತಗಳು ಬಹಳ ಸರಳವಾದವು. ಮಳೆ ಹನಿಯತೊಡಗಿದಾಗ ಬೀದಿಯಲ್ಲಿದ್ದವರೆಲ್ಲ ಏಕಕಾಲಕ್ಕೆ ಕೊಡೆ ಬಿಚ್ಚುತ್ತಾರೆ. ನೂರು ಜನ ಒಂದೇ ಕೆಲಸ ಮಾಡಿದರೂ ಅದು ಸಾಮಾಜಿಕ ಕ್ರಿಯೆಯಲ್ಲ, ಏಕೆಂದರೆ ಪ್ರತಿಯೊಬ್ಬನ ಲಕ್ಷ್ಯವೂ ಮಳೆಯ ಕಡೆಗಿದೆ, ಪಕ್ಕದವನ ಕಡೆಗಿಲ್ಲ. ಎರಡು ಸೈಕಲ್ಲುಗಳು ಅರಿಯದೆ ಡಿಕ್ಕಿ ಹೊಡೆದರೆ ಅದು ನಿಸರ್ಗದ ಘಟನೆಯಂತೆ ಒಂದು ಆಕಸ್ಮಿಕ. ಆದರೆ ಡಿಕ್ಕಿಯನ್ನು ತಪ್ಪಿಸಲು ಅವರು ಪಕ್ಕಕ್ಕೆ ಸರಿದದ್ದು, ಡಿಕ್ಕಿಯಾದ ಮೇಲೆ ಬೈದದ್ದು, ಬಡಿದಾಡಿದ್ದು ಅಥವಾ ಸಮಾಧಾನ ಹೇಳಿಕೊಂಡದ್ದು ಸಾಮಾಜಿಕ ಕ್ರಿಯೆ.

ಇಂತಹ ಕ್ರಿಯೆಯನ್ನು ತಿಳಿಯುವ ಬಗೆಗೆ ವೆಬರ್ ಬಳಸಿದ ಜರ್ಮನ್ ಶಬ್ದ 'ಫೆರ್‌ಷ್ಟೇಹೆನ್'. ಅರ್ಥಗ್ರಹಣ ಎಂದು ನಾವು ಕರೆಯಬಹುದು. ಅದರಲ್ಲಿ ಎರಡು ಮೆಟ್ಟಿಲುಗಳಿವೆ. ಒಬ್ಬನು ಕೊಡಲಿ ಹಿಡಿದು ಮರ ಕಡಿಯುತ್ತಿದ್ದಾನೆ. ನೋಡಿದೊಡನೆ 'ಇವನು ಸೌದೆ ಒಡೆಯುತ್ತಿದ್ದಾನೆ' ಎಂದು ತಿಳಿಯುತ್ತದೆ. ಇದು ಮೊದಲ ಮೆಟ್ಟಿಲು. ಏಕೆ ಕಡಿಯುತ್ತಿದ್ದಾನೆ? ಕೂಲಿಗಾಗಿಯೋ, ತನ್ನ ಮನೆಯ ಒಲೆಗಾಗಿಯೋ, ಮೈಗೆ ವ್ಯಾಯಾಮವಾಗಲೆಂದೋ, ಇಲ್ಲವೆ ಯಾರ ಮೇಲಿನ ಸಿಟ್ಟನ್ನೋ ಮರದ ಮೇಲೆ ತೀರಿಸಿಕೊಳ್ಳುತ್ತಿದ್ದಾನೆಯೋ? ಕೊಡಲಿಯ ಏಟು ನಾಲ್ಕರಲ್ಲಿಯೂ ಒಂದೇ, ಮನಸ್ಸು ಬೇರೆ ಬೇರೆ. ಈ ಎರಡನೆಯ ಮೆಟ್ಟಿಲನ್ನು ಏರಬೇಕಾದರೆ ಅವನ ಸನ್ನಿವೇಶವನ್ನೂ ಸಂಬಂಧಗಳನ್ನೂ ಹಿಂದುಮುಂದುಗಳನ್ನೂ ತಿಳಿಯಬೇಕು. ನಮ್ಮಲ್ಲಿ ಬಹುಮಂದಿ ಮೊದಲ ಮೆಟ್ಟಿಲಿನಲ್ಲಿ ನಿಂತುಕೊಂಡೇ ಎರಡನೆಯದನ್ನು ಏರಿದೆವೆಂದು ಭ್ರಮಿಸುತ್ತೇವೆ.

ಈ ಭ್ರಮೆಯ ಬೆಲೆಯೇನೆಂಬುದನ್ನು ವೆಬರ್ ಕಲಿತದ್ದು ಬರಿಯ ಪುಸ್ತಕದಿಂದಲ್ಲ. 1892ರಲ್ಲಿ, ತಮ್ಮ 28ನೆಯ ವಯಸ್ಸಿನಲ್ಲಿ, ಎಲ್ಬೆ ನದಿಯ ಪೂರ್ವಕ್ಕಿರುವ ಜಮೀನ್ದಾರಿ ಪ್ರದೇಶಗಳ ಕೃಷಿ ಕೂಲಿಕಾರರನ್ನು ಕುರಿತು ಅವರು ದೊಡ್ಡದೊಂದು ಅಧ್ಯಯನವನ್ನು ಪ್ರಕಟಿಸಿದರು. ಅಲ್ಲಿ ವರ್ಷದ ಒಪ್ಪಂದದ ಮೇಲೆ ದುಡಿಯುವ ಆಳುಮಕ್ಕಳಿಗೆ ಇರಲು ಮನೆ, ಉಳಲು ತುಂಡು ಭೂಮಿ, ಒಕ್ಕಣೆಯ ಕಾಳಿನಲ್ಲಿ ಪಾಲು ಸಿಗುತ್ತಿತ್ತು. ಆದರೂ ಅವರು ಅದನ್ನು ತೊರೆದು ಗೊತ್ತುಗುರಿಯಿಲ್ಲದ ನಗದು ಕೂಲಿಗೆ, ದೂರದ ನಗರಗಳಿಗೆ ಹೋಗುತ್ತಿದ್ದರು. ಹೊಟ್ಟೆಯ ಲೆಕ್ಕವನ್ನಷ್ಟೇ ಹಾಕುವವನಿಗೆ ಇದು ಮೂರ್ಖತನವಾಗಿ ಕಾಣುತ್ತದೆ. ವೆಬರ್ ಕಂಡದ್ದು ಬೇರೆ. ತಲೆತಲಾಂತರವಾಗಿ ಒಡೆಯನ ಅಪ್ಪಣೆಯಲ್ಲಿಯೇ ಏಳುವ, ಮಲಗುವ ಬಾಳಿನಿಂದ ಬಿಡುಗಡೆ ಬೇಕೆಂಬ ಹಂಬಲ ಆ ವಲಸೆಯ ಬೇರಿನಲ್ಲಿತ್ತು. ತಾನೂ ತನ್ನ ಮಕ್ಕಳೂ ಯಾರ ಆಳೂ ಅಲ್ಲವೆನ್ನಿಸಿಕೊಳ್ಳುವುದಕ್ಕಾಗಿ ಅವರು ತುಂಬಿದ ಕಣಜವನ್ನು ಬಿಟ್ಟು ಹೊರಟಿದ್ದರು. ಆ ಮೊದಲ ಅಧ್ಯಯನದ ಪ್ರಶ್ನಾವಳಿಗಳು ಹೋದದ್ದು ಭೂಮಾಲೀಕರಿಗೆ, ಕೂಲಿಕಾರರಿಗಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ಮುಂದೆ ಪೌಲ್ ಗ್ಯೋರೆ ಎಂಬ ಧರ್ಮಬೋಧಕರೊಡನೆ ಕೈಗೊಂಡ ಎರಡನೆಯ ಅಧ್ಯಯನದಲ್ಲಿ ಹಳ್ಳಿಗಳ ಪಾದ್ರಿಗಳನ್ನು ಪ್ರಶ್ನಿಸಲಾಯಿತು. ಒಡೆಯನನ್ನು ಮಾತ್ರ ಕೇಳಿ ಆಳಿನ ಮನಸ್ಸನ್ನು ಪೂರ್ತಿಯಾಗಿ ತಿಳಿಯಲಾಗದು.

ಇದೇ ವಿಚಾರವನ್ನು 1904-05ರ 'ಪ್ರೊಟೆಸ್ಟಂಟ್ ನೀತಿ ಮತ್ತು ಬಂಡವಾಳಶಾಹಿಯ ಚೈತನ್ಯ' ಎಂಬ ಪ್ರಸಿದ್ಧ ಪ್ರಬಂಧದಲ್ಲಿ ಅವರು ಒಂದು ಸಣ್ಣ ಲೆಕ್ಕದ ಮೂಲಕ ತೋರಿಸಿದ್ದಾರೆ. ಒಂದು ಮಾರ್ಗೆನ್ ಅಳತೆಯ ಹೊಲ ಕೊಯ್ದರೆ 1 ಮಾರ್ಕ್ ಕೂಲಿ. ಆಳು ದಿನಕ್ಕೆ ಎರಡೂವರೆ ಮಾರ್ಗೆನ್ ಕೊಯ್ದು ಎರಡೂವರೆ ಮಾರ್ಕ್ ಗಳಿಸುತ್ತಾನೆ. ಸುಗ್ಗಿಯ ಅವಸರದಲ್ಲಿ ಒಡೆಯನು ಕೂಲಿಯನ್ನು ಒಂದೂಕಾಲು ಮಾರ್ಕಿಗೆ ಏರಿಸುತ್ತಾನೆ, ಹೆಚ್ಚು ಹಣದ ಆಸೆಗೆ ಹೆಚ್ಚು ಕೊಯ್ಯುತ್ತಾನೆಂಬುದು ಅವನ ಎಣಿಕೆ. ಆಳು ಮಾಡಿದ್ದೇನು? 2 ಮಾರ್ಗೆನ್ ಮಾತ್ರ ಕೊಯ್ದು, ಎಂದಿನ ಎರಡೂವರೆ ಮಾರ್ಕ್ ಪಡೆದು ಮನೆಗೆ ಹೋದ. ಒಡೆಯನ ಪ್ರಶ್ನೆ, 'ಎಷ್ಟು ಹೆಚ್ಚು ಗಳಿಸಬಹುದು?' ಎಂಬುದು. ಆಳಿನ ಪ್ರಶ್ನೆ, 'ನನ್ನ ಎಂದಿನ ಬಾಳಿಗೆ ಎಷ್ಟು ದುಡಿದರೆ ಸಾಕು?' ಎಂಬುದು. ಒಡೆಯನು ಅವನನ್ನು ಸೋಮಾರಿಯೆಂದು ಬೈಯಬಹುದು. ಆದರೆ ಬೈಗುಳ ವಿವರಣೆಯಲ್ಲ. ತನ್ನ ಅರ್ಥವನ್ನು ಇನ್ನೊಬ್ಬನ ಕ್ರಿಯೆಗೆ ತೊಡಿಸಿದ್ದೇ ಒಡೆಯನ ಲೆಕ್ಕ ತಪ್ಪಲು ಕಾರಣ.

ಕ್ರಿಯೆಯ ಹಿಂದಿನ ಅರ್ಥಗಳನ್ನು ಅಳೆಯುವುದಕ್ಕಾಗಿ ವೆಬರ್ ನಾಲ್ಕು ಮಾದರಿಗಳನ್ನು ಹೇಳಿದರು. ಗುರಿ ಮತ್ತು ಸಾಧನಗಳನ್ನು ತೂಗಿ ನೋಡಿ ಮಾಡುವುದು ಮೊದಲನೆಯದು. ಫಲಾಫಲವನ್ನು ಎಣಿಸದೆ, 'ಇದು ಸರಿ, ಆದುದರಿಂದ ಮಾಡತಕ್ಕದ್ದು' ಎಂಬ ಮೌಲ್ಯನಿಷ್ಠೆಯಿಂದ ಮಾಡುವುದು ಎರಡನೆಯದು. ಪ್ರೀತಿ, ಕೋಪ, ದುಃಖಗಳ ಆವೇಗದಲ್ಲಿ ಮಾಡುವುದು ಮೂರನೆಯದು. ಹಿರಿಯರು ಮಾಡುತ್ತಿದ್ದರೆಂದು ರೂಢಿಯಿಂದ ಮಾಡುವುದು ನಾಲ್ಕನೆಯದು. ಮುಯ್ಯಿಯನ್ನೇ ತೆಗೆದುಕೊಳ್ಳಿ. ನಾಳೆ ನನ್ನ ಮಗಳ ಮದುವೆಗೆ ಹಿಂತಿರುಗಿ ಬರಲೆಂದು ಒಬ್ಬನು ಕೊಡುತ್ತಾನೆ. ಬಂಧುವಿನ ಕಷ್ಟಕ್ಕೆ ಹೆಗಲು ಕೊಡುವುದು ಧರ್ಮವೆಂದು ಇನ್ನೊಬ್ಬನು ಕೊಡುತ್ತಾನೆ. ತಾನು ಎತ್ತಿ ಆಡಿಸಿದ ಮಗು ಮದುಮಗಳಾದುದನ್ನು ಕಂಡು ಉಕ್ಕಿದ ಪ್ರೀತಿಯಲ್ಲಿ ಮತ್ತೊಬ್ಬನು ಜೇಬನ್ನೇ ಬರಿದು ಮಾಡುತ್ತಾನೆ. ಕೊಡುವ ಪದ್ಧತಿಯಿದೆಯೆಂದು ಮಗದೊಬ್ಬನು ಕೊಡುತ್ತಾನೆ. ಪುಸ್ತಕದಲ್ಲಿ ಮಾತ್ರ ನಾಲ್ವರ ಹೆಸರಿನ ಮುಂದೆಯೂ ಬರಿಯ ಅಂಕಿ. ನಿಜಜೀವನದಲ್ಲಿ ಈ ನಾಲ್ಕೂ ಬೆರೆತೇ ಇರುತ್ತವೆಂಬುದನ್ನು ವೆಬರ್ ಮರೆಯಲಿಲ್ಲ. ಇವು ಮನುಷ್ಯರನ್ನು ತುಂಬಿಡುವ ಪೆಟ್ಟಿಗೆಗಳಲ್ಲ, ಬೆರಕೆ ಎಷ್ಟೆಂಬುದನ್ನು ತಿಳಿಯುವ ಅಳತೆಗೋಲುಗಳು.

ಹಾಗಾದರೆ ಮನಸ್ಸಿಗೆ ಹೊಳೆದುದೆಲ್ಲ ಅರ್ಥಗ್ರಹಣವೇ? ಅಲ್ಲ. ಊಹೆ ಎಷ್ಟೇ ಚೆನ್ನಾಗಿ ಹೊಂದಿಕೊಂಡರೂ, ನಡೆದ ಸಂಗತಿಗಳು ಅದನ್ನು ಸಮರ್ಥಿಸುವವರೆಗೆ ಅದು ಬರಿಯ ಊಹೆಯೇ ಎಂದು ವೆಬರ್ ಎಚ್ಚರಿಸಿದ್ದಾರೆ. ಅರ್ಥವೂ ಹೊಂದಬೇಕು, ಸಾಕ್ಷ್ಯವೂ ಹೊಂದಬೇಕು. 1904ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ವಿದ್ವತ್ ಸಮ್ಮೇಳನಕ್ಕೆ ಹೋದಾಗ ಅವರು ಕಂಡ ಪ್ರಸಂಗವೊಂದು ಇದಕ್ಕೆ ಒಳ್ಳೆಯ ನಿದರ್ಶನ. ಉತ್ತರ ಕೆರೊಲಿನಾ ರಾಜ್ಯದ ಮೌಂಟ್ ಏರಿ ಎಂಬಲ್ಲಿ ತಾಯಿಯ ಕಡೆಯ ಬಂಧುಗಳಿದ್ದರು. ಅಕ್ಟೋಬರದ ಚಳಿಯ ಒಂದು ಭಾನುವಾರ, ಬೆಟ್ಟದ ತೊರೆಯ ನೀರು ತುಂಬಿದ ಕೊಳದಲ್ಲಿ ಬ್ಯಾಪ್ಟಿಸ್ಟ್ ಪಂಥದವರ ದೀಕ್ಷಾಸ್ನಾನ ನಡೆಯುತ್ತಿತ್ತು. ಒಳ್ಳೆಯ ಬಟ್ಟೆ ತೊಟ್ಟವರು ಒಬ್ಬೊಬ್ಬರಾಗಿ ಹಿಮದಂತಹ ನೀರಿಗಿಳಿದು ಮುಳುಗಿ, ನಡುಗುತ್ತ ಮೇಲೆ ಬರುತ್ತಿದ್ದರು. ಅವರಲ್ಲೊಬ್ಬ ತರುಣನನ್ನು ತೋರಿಸಿ ಬಂಧು ಹೇಳಿದ ಕಾರಣ ವಿಚಿತ್ರವಾಗಿತ್ತು: ಅವನು ಊರಿನಲ್ಲಿ ಬ್ಯಾಂಕು ತೆರೆಯಲಿದ್ದಾನೆ!

ಬೇರೆಯವರಾಗಿದ್ದರೆ 'ಇದು ಬೂಟಾಟಿಕೆ' ಎಂದು ನಕ್ಕು ಮುಂದೆ ಹೋಗುತ್ತಿದ್ದರು. ವೆಬರ್ ಪ್ರಶ್ನೆ ಮಾಡಿದರು. ಆ ಸೀಮೆಯಲ್ಲಿ ಅಷ್ಟೊಂದು ಬ್ಯಾಪ್ಟಿಸ್ಟರು ಇದ್ದಾರೆಯೇ? ಇಲ್ಲ. ಹಾಗಿದ್ದರೆ ದೀಕ್ಷೆಯಿಂದ ಬ್ಯಾಂಕಿಗೆ ಏನು ಲಾಭ? ವಿಚಾರಿಸುತ್ತ ಹೋದಂತೆ ತಿಳಿದುಬಂದಿತು: ಆ ಪಂಥ ಯಾರನ್ನೂ ಸುಮ್ಮನೆ ಸೇರಿಸಿಕೊಳ್ಳುವುದಿಲ್ಲ. ಬಾಲ್ಯದಿಂದ ಆತನ ನಡತೆ ಹೇಗಿದೆ, ಕುಡಿಯುತ್ತಾನೆಯೇ, ಸಾಲ ತೀರಿಸುತ್ತಾನೆಯೇ ಎಂಬುದನ್ನೆಲ್ಲ ಶೋಧಿಸಿ ಆಮೇಲೆ ಒಪ್ಪುತ್ತದೆ. ಆದುದರಿಂದ ಅದರ ಸದಸ್ಯನಾಗುವುದೆಂದರೆ ಶೀಲದ ಪ್ರಮಾಣಪತ್ರ ಪಡೆದಂತೆ. ಬೇರೆ ಪಂಥದವರೂ ಅಂಥವನ ಬಳಿ ನಂಬಿ ಹಣವಿಡುತ್ತಾರೆ. ಒಬ್ಬನ ಉದ್ದೇಶವನ್ನು ಕೇಳಲು ಹೊರಟವರಿಗೆ ಒಂದು ನಾಡಿನ ನಂಬಿಕೆಯ ವ್ಯವಸ್ಥೆಯೇ ತೆರೆದುಕೊಂಡಿತು. ಆ ತರುಣನ ಅಂತರಂಗದಲ್ಲಿ ಭಕ್ತಿಯೂ ಇದ್ದಿರಬಹುದು. ಅದನ್ನು ಇಲ್ಲವೆನ್ನಲು ನಮಗೆ ಆಧಾರವಿಲ್ಲ.

ಅರ್ಥಮಾಡಿಕೊಳ್ಳುವುದೆಂದರೆ ಒಪ್ಪಿಕೊಳ್ಳುವುದೆಂದು ಕೆಲವರು ಭಾವಿಸುತ್ತಾರೆ. ವೆಬರ್ ಹಾಗೆ ಹೇಳಲಿಲ್ಲ. ಕಳ್ಳನ ಉದ್ದೇಶವನ್ನು ಅರಿತ ಮಾತ್ರಕ್ಕೆ ಕಳವು ಸದ್ಗುಣವಾಗುವುದಿಲ್ಲ. ಹಾಗೆಯೇ, ಒಬ್ಬನನ್ನು ಅರಿಯಲು ಅವನೇ ಆಗಬೇಕಾಗಿಯೂ ಇಲ್ಲ. ರೋಮಿನ ಸೇನಾನಿಯ ನಡೆಯನ್ನು ವಿವರಿಸುವ ಇತಿಹಾಸಕಾರನು ತಾನು ಸೇನಾನಿಯಾಗಿರಬೇಕಿಲ್ಲ. ಬೇಕಾದದ್ದು ತೀರ್ಪನ್ನು ಕೊಂಚ ಕಾಲ ಬದಿಗಿಟ್ಟು ವಿಚಾರಿಸುವ ತಾಳ್ಮೆ.

ಈ ವೆಬರ್ ನಮ್ಮನ್ನು ಕುರಿತೂ ಬರೆದಿದ್ದಾರೆಂಬುದು ಅನೇಕ ಓದುಗರಿಗೆ ಹೊಸ ಸಂಗತಿಯಾಗಬಹುದು. 1916-17ರಲ್ಲಿ ಹಿಂದೂ ಮತ್ತು ಬೌದ್ಧ ಧರ್ಮಗಳನ್ನು ಕುರಿತು ಅವರು ಪ್ರಕಟಿಸಿದ ಪ್ರಬಂಧಗಳಲ್ಲಿ ಲಿಂಗಾಯತರ ಪ್ರಸ್ತಾಪವಿದೆ. ಬ್ರಾಹ್ಮಣ ಪ್ರಾಬಲ್ಯಕ್ಕೂ ಜಾತಿ ವ್ಯವಸ್ಥೆಗೂ ಎದುರಾಗಿ ಎದ್ದ ತೀಕ್ಷ್ಣವಾದ, ತತ್ತ್ವಬದ್ಧವಾದ ಪ್ರತಿಭಟನೆಯಾಗಿ ಅವರು ಇದನ್ನು ಕಂಡರು, ಯುರೋಪಿನ ಪ್ರೊಟೆಸ್ಟಂಟರನ್ನು ನೆನೆದರು. ಸುತ್ತಲಿನ ಸಮಾಜದ ಒತ್ತಡದಿಂದ ಅದು ಕ್ರಮೇಣ ಮತ್ತೆ ಜಾತಿಯ ಚೌಕಟ್ಟಿಗೇ ಸರಿಯಿತೆಂಬುದನ್ನೂ ಮುಚ್ಚಿಡದೆ ಹೇಳಿದರು. ಆ ಎರಡನೆಯ ಮಾತು ನಮಗೆ ಕಹಿಯಾದರೂ ಆತ್ಮಶೋಧನೆಗೆ ತಕ್ಕುದೇ ಆಗಿದೆ. ಆದರೆ ವೆಬರ್ ಭಾರತಕ್ಕೆ ಬಂದವರಲ್ಲ, ಕನ್ನಡ ಬಲ್ಲವರಲ್ಲ. ಜನಗಣತಿಯ ವರದಿಗಳು ಮತ್ತು ಪಾಶ್ಚಾತ್ಯ ವಿದ್ವಾಂಸರ ಗ್ರಂಥಗಳು ಅವರ ಮುಖ್ಯ ಆಧಾರಗಳು. ಫ. ಗು. ಹಳಕಟ್ಟಿಯವರ 'ವಚನಶಾಸ್ತ್ರಸಾರ'ದ ಮೊದಲ ಭಾಗ ಅಚ್ಚಾದದ್ದು 1923ರಲ್ಲಿ, ವೆಬರ್ ತೀರಿಕೊಂಡ ಮೂರು ವರ್ಷಗಳ ಮೇಲೆ. ಶರಣರು ತಮ್ಮ ನಡೆಗೆ ತಾವೇ ಕೊಟ್ಟುಕೊಂಡ ಅರ್ಥ ಅವರ ಕಿವಿಗೆ ಬೀಳಲಿಲ್ಲ. ಅವರ ನಿರ್ಣಯದಲ್ಲಿ ಎಷ್ಟು ಸರಿ, ಎಷ್ಟು ಕೊರತೆ ಎಂದು ಪರೀಕ್ಷಿಸಲು ಅವರದೇ ವಿಧಾನ ನಮ್ಮ ಕೈಯಲ್ಲಿದೆ.

ಆ ವಿಧಾನ ನಮಗೂ ಅನ್ವಯಿಸುತ್ತದೆ. ಶರಣರ ಕಾಯಕವೂ ಪ್ರೊಟೆಸ್ಟಂಟರ ವೃತ್ತಿನಿಷ್ಠೆಯೂ ಒಂದೇ ಎಂದು ನಾವು ಸಭೆಗಳಲ್ಲಿ ಹೆಮ್ಮೆಯಿಂದ ಹೇಳುವುದುಂಟು. ಹೊರಗಿನಿಂದ ನೋಡಿದರೆ ಎರಡೂ ಕಡೆ ಪ್ರಾಮಾಣಿಕ ದುಡಿಮೆಯೇ ಕಾಣುತ್ತದೆ. ಅರ್ಥವನ್ನು ಕೇಳಿ ನೋಡಿ. ತನ್ನ ಮುಕ್ತಿಯನ್ನು ದೇವರು ಮೊದಲೇ ನಿರ್ಣಯಿಸಿಬಿಟ್ಟಿದ್ದಾನೆಂದು ನಂಬಿದ ಕ್ಯಾಲ್ವಿನ್ ಪಂಥದವನು, ತಾನು ಆಯ್ಕೆಯಾದವನೇ ಎಂಬ ತಳಮಳದಲ್ಲಿ, ದುಡಿಮೆಯ ಯಶಸ್ಸಿನಲ್ಲಿ ಅದರ ಕುರುಹನ್ನು ಹುಡುಕಿದನೆಂದು ವೆಬರ್ ವಿವರಿಸುತ್ತಾರೆ. ಭೋಗಿಸದೆ ಉಳಿಸಿದ ಹಣ ಮತ್ತೆ ವ್ಯಾಪಾರಕ್ಕೆ ಬಂಡವಾಳವಾಯಿತು. ಶರಣರ ಕಾಯಕಕ್ಕಾದರೋ ದಾಸೋಹದ ಜೋಡಿಯಿದೆ. ದುಡಿದದ್ದನ್ನು ಕೂಡಿಡದೆ ಸಮರ್ಪಿಸುವುದು ಅದರ ಗುರಿ. ಕೈಯ ಕೆಲಸ ಒಂದೇ ತೆರನಾದರೂ ಮನದ ನಿಲುವು ಬೇರೆ. ಹೋಲಿಸುವುದು ತಪ್ಪಲ್ಲ. ಅರ್ಥವನ್ನು ಕೇಳದೆ ಹೋಲಿಸಿದರೆ ಇಬ್ಬರಿಗೂ ಅನ್ಯಾಯ.

ಇಷ್ಟೆಲ್ಲ ತಿಳಿದ ವೆಬರ್ ತಮ್ಮ ಮನೆಯಲ್ಲಿ ಏನು ಮಾಡಿದರು? 1897ರ ಬೇಸಗೆಯಲ್ಲಿ ತಂದೆತಾಯಿಗಳು ಹೈಡೆಲ್‌ಬರ್ಗಿನ ಅವರ ಮನೆಗೆ ಬಂದಿದ್ದಾಗ, ತಂದೆ ತಾಯಿಯ ಮೇಲೆ ದಬ್ಬಾಳಿಕೆ ನಡೆಸುತ್ತಾರೆಂದು ಮಗ ಕಠೋರವಾಗಿ ನಿಂದಿಸಿದರು. ತಂದೆ ಮುನಿದು ಹೊರಟುಹೋದರು. ಅದೇ ಆಗಸ್ಟಿನಲ್ಲಿ ಅವರು ತೀರಿಕೊಂಡರು, ತಂದೆ-ಮಗ ಮತ್ತೆ ಕೂಡಿ ಮಾತನಾಡಲಿಲ್ಲ. ಮರುವರ್ಷದಿಂದ ವೆಬರ್ ಮನೋವ್ಯಾಧಿಗೆ ತುತ್ತಾದರು. ಓದಲಾರದೆ, ಪಾಠ ಹೇಳಲಾರದೆ ಬಳಲಿ, 1903ರಲ್ಲಿ ಪ್ರಾಧ್ಯಾಪಕ ಪದವಿಯನ್ನೇ ಬಿಟ್ಟರು. ವ್ಯಾಧಿಗೆ ಆ ಜಗಳವೊಂದೇ ಕಾರಣವೆಂದು ನಾವು ನಿರ್ಣಯಿಸುವುದು ಸಲ್ಲದು. ಅವರ ವಿಧಾನವೇ ಅದನ್ನು ತಡೆಯುತ್ತದೆ. ಮಗನ ಆರೋಪದಲ್ಲಿ ಸತ್ಯವೂ ಇದ್ದಿರಬಹುದು. ಆದರೆ ತಂದೆಯ ಮಾತನ್ನು ಕೇಳುವ ಅವಕಾಶ ಆಮೇಲೆ ಬರಲೇ ಇಲ್ಲ. ಅವರ ಹೆಸರನ್ನು ಉಳಿಸಿದ ಬರಹಗಳಲ್ಲಿ ಬಹುಪಾಲು ಈ ನೋವಿನ ವರ್ಷಗಳು ಕಳೆದ ಮೇಲೆ ಬಂದವು.

ಈಗ ನಮ್ಮ ಮಾವನವರ ಮಾತು. 12 ವರ್ಷಗಳ ಬಳಿಕ ಅವರು ಲಿಂಗೈಕ್ಯರಾದರು. ಕ್ರಿಯಾವಿಧಿಗೆಂದು ಹೋಗಿದ್ದ ನಮ್ಮ ತಾಯಿಯವರ ಕೈಗೆ ಅವರ ಮಗಳು ಹಳೆಯದೊಂದು ಲೆಕ್ಕದ ಪುಸ್ತಕವನ್ನು ತಂದುಕೊಟ್ಟರು. ಪ್ರತಿಯೊಂದು ಮನೆತನದ ಹೆಸರಿನ ಮುಂದೆ ಎರಡು ಅಂಕಣ: ಬಂದದ್ದು, ಹೋದದ್ದು. ಎರಡೂ ಕಡೆ ಒಂದೇ ಅಂಕಿ. ಸಿರಿವಂತರ ಮನೆಯಾಗಲಿ, ಬಡವರ ಮನೆಯಾಗಲಿ, ವ್ಯತ್ಯಾಸವಿಲ್ಲ. ನಮ್ಮ ಹೆಸರಿನ ಮುಂದೆ 11. ನಮ್ಮ ತಂದೆಯವರು ಬಹಳ ಕಷ್ಟದಲ್ಲಿದ್ದ ಕಾಲದಲ್ಲಿ ಅವರ ಮನೆಯ ಗೃಹಪ್ರವೇಶಕ್ಕೆ ಬರೆಸಿದ್ದು ಅಷ್ಟೇ. ಮೊದಲ ಪುಟದಲ್ಲಿ ಅವರ ಕೈಬರಹದಲ್ಲಿ ಒಂದು ಸಾಲು ಇತ್ತು: ಬಂದಷ್ಟೇ ಕೊಡತಕ್ಕದ್ದು, ಹೆಚ್ಚು ಕೊಟ್ಟು ಯಾರ ಮೇಲೂ ಋಣದ ಭಾರ ಹೊರಿಸಬಾರದು.

ಅವಮಾನವೆಂದು ನಾವು ಓದಿದ ಅಂಕಿಯಲ್ಲಿ ನಮ್ಮ ಮಾನವನ್ನು ಕಾಯುವ ಎಚ್ಚರವಿತ್ತು. ನಮ್ಮನ್ನು ಹೆಚ್ಚು ನೋಯಿಸಿದ್ದು ಇನ್ನೊಂದು. ಮದುವೆಯ ಹಿಂದಿನ ದಿನ ಅವರ ಗಿರಣಿಯಿಂದ 4 ಚೀಲ ಅಕ್ಕಿ ಬಂದು ಅಡುಗೆಯ ಚಪ್ಪರದಲ್ಲಿ ಇಳಿದಿತ್ತು. ಅವರು ಅದನ್ನು ಯಾವ ಪುಸ್ತಕದಲ್ಲಿಯೂ ಬರೆಸಿರಲಿಲ್ಲ. ಸಾಕ್ಷ್ಯ ನಮ್ಮ ಕಣ್ಣೆದುರಿಗೇ ಇತ್ತು, ಆ ಅಕ್ಕಿಯ ಅನ್ನವನ್ನು ಉಂಡವರೇ ನಾವು. ಆದರೂ ವಿಚಾರಿಸುವ ಮೊದಲೇ ತೀರ್ಪು ಬರೆದುಬಿಟ್ಟಿದ್ದೆವು. "ಒಂದು ಮಾತು ಕೇಳಿದ್ದರೆ ಆಗುತ್ತಿತ್ತು" ಎಂದು ತಾಯಿಯವರು ತಮ್ಮ ಕೊನೆಯ ದಿನಗಳವರೆಗೂ ಹೇಳುತ್ತಿದ್ದರು.

ಓದುಗ ಬಂಧುಗಳೇ, ನಮ್ಮ ಮನೆಗಳಲ್ಲಿ ಇಂತಹ ಎಷ್ಟು ಪುಸ್ತಕಗಳು ಮುಚ್ಚಿಕೊಂಡಿವೆಯೋ! ಸೊಸೆ ಸುಮ್ಮನಿದ್ದದ್ದು ಗರ್ವವೋ ಅಂಜಿಕೆಯೋ, ಮಗ ಹಣ ಕಳಿಸದೆ ಹೋದದ್ದು ಉದಾಸೀನವೋ ಸಂಕಟವೋ, ನೆರೆಯವರು ಕರೆಯದೆ ಬಿಟ್ಟದ್ದು ತಿರಸ್ಕಾರವೋ ಸಂಕೋಚವೋ, ನಮಗೆ ತಿಳಿಯದು. ತಿಳಿದವರು ಇನ್ನೂ ಬದುಕಿದ್ದಾರೆ. ಈ ತಿಂಗಳಲ್ಲಿ ಒಂದು ಸಂಜೆ ಬಿಡುವು ಮಾಡಿಕೊಂಡು ಅಂಥವರಲ್ಲಿ ಒಬ್ಬರ ಮನೆಗೆ ಹೋಗಿ, ಕುಳಿತು, ಕೇಳೋಣ.